ತಪ್ಪು ಆಪರೇಟರ್‌ದೋ, ಬೋರ್ಡ್‌ದೋ? ಅನುಮಾನದಿಂದ ಎಕ್ಸ್‌ಚೇಂಜ್ ಕಟ್ಟಿದ ಸ್ಟ್ರೌಜರ್ ಕಥೆ

ಇಂಜಿನಿಯರಿಂಗ್ ಮುಗಿಸಿದ ಮೇಲೆ ನಾನು ಮಾಡಿದ ಮೊದಲ ಕೆಲಸ ಟೆಲಿಕಾಂ ಗುತ್ತಿಗೆದಾರರೊಬ್ಬರ ಹತ್ತಿರ, ಸ್ವಿಚ್ ಕೂರಿಸೋದು. ಸ್ವಿಚ್ ಅಂದರೆ ಗೋಡೆ ಮೇಲಿನ ಲೈಟಿನ ಸ್ವಿಚ್ ಅಲ್ಲ. ಒಂದು ಊರಿನ ಕರೆಗಳನ್ನೆಲ್ಲ ಹೋಗಬೇಕಾದ ಕಡೆ ತಿರುಗಿಸುವ, ಕಬ್ಬಿಣದ ಬೀರುವಿನಂಥ ಪೆಟ್ಟಿಗೆ. ಮೊದಲ ದಿನ ಒಳಗೆ ಹೋಗುವ ಮುಂಚೆ ನಮ್ಮ ಹಿರಿಯ ಸೂಪರ್‌ವೈಸರ್ ಬಾಗಿಲಲ್ಲೇ ತಡೆದು ನಿಲ್ಲಿಸಿದರು. ಕೈಗಡಿಯಾರ ಬಿಚ್ಚು, ಉಂಗುರ ತೆಗಿ, ಕತ್ತಿನ ಸರ ಜೇಬಿಗೆ ಹಾಕು ಅಂದರು. ಒಳಗಿರೋದು ಬರೀ 48 ವೋಲ್ಟ್, ಅದರಿಂದ ಶಾಕ್ ಕೂಡ ಸರಿಯಾಗಿ ಹೊಡೆಯೋದಿಲ್ಲ ಅಂತ ನಾನು ಕಾಲೇಜಿನ ಜಾಣತನ ತೋರಿಸಿದೆ. ಅವರು ನಕ್ಕು, ಸಾಯಿಸೋದು ವೋಲ್ಟೇಜ್ ಒಂದೇ ಅಲ್ಲ ಮಾರಾಯ ಅಂದರು.

ಆರು ತಿಂಗಳ ನಂತರ ಅದರ ಅರ್ಥ ಗೊತ್ತಾಯಿತು. ಒಂದು ರಾತ್ರಿ, ಹಳೆ ಉಪಕರಣದಿಂದ ಹೊಸದಕ್ಕೆ ಲೈನ್ ಬದಲಿಸುವ ಕೆಲಸ ನಡೀತಿತ್ತು. ನಮ್ಮ ಜೊತೆಗಿದ್ದ ದಿನಗೂಲಿಯ ಹುಡುಗನೊಬ್ಬನ ಸ್ಪ್ಯಾನರ್ ಜಾರಿ ಬ್ಯಾಟರಿಯ ಎರಡು ಟರ್ಮಿನಲ್‌ಗಳಿಗೆ ಒಟ್ಟಿಗೆ ತಾಗಿತು. ಬಿಳಿ ಬೆಳಕು, ಪಟಾಕಿಯ ಸದ್ದು. ಸ್ಪ್ಯಾನರಿನ ತುದಿ ಕರಗಿ ಹೋಗಿತ್ತು. ಹುಡುಗನ ಅಂಗೈ ಸುಟ್ಟಿತ್ತು. ಬೆಳಗ್ಗೆ ವರದಿ ಬರೆಯುವ ಕೆಲಸ ನನಗೆ ಬಿತ್ತು. ಕಾರಣ ಅನ್ನುವ ಕಾಲಂನಲ್ಲಿ ಕಾರ್ಮಿಕನ ಅಜಾಗರೂಕತೆ ಅಂತ ಬರೆದು ಸಹಿ ಹಾಕಿದೆ.

ಆ ಸಹಿಯ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಅದಕ್ಕೂ ಮುಂಚೆ, ಇಂಥದ್ದೇ ಒಂದು ತೀರ್ಪನ್ನು 130 ವರ್ಷಕ್ಕೂ ಹಿಂದೆ ಕೊಟ್ಟು, ಆ ತೀರ್ಪಿನ ಮೇಲೆ ಒಂದು ಇಡೀ ಉದ್ಯಮವನ್ನೇ ನಿಲ್ಲಿಸಿದ ಮನುಷ್ಯನ ಕಥೆ ಹೇಳಬೇಕು. ಅವನ ಹೆಸರು ಆಲ್ಮನ್ ಬ್ರೌನ್ ಸ್ಟ್ರೌಜರ್. ಹಳೇ ಟೆಲಿಫೋನ್ ಇಲಾಖೆಯವರು ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ, ಆ ಹೆಸರು ಅವರಿಗೆ ಗೊತ್ತಿರುತ್ತೆ. ಮನುಷ್ಯನಾಗಿ ಅಲ್ಲ, ಒಂದು ಬಗೆಯ ಎಕ್ಸ್‌ಚೇಂಜ್ ಆಗಿ.

ಹೆಣದ ವ್ಯಾಪಾರಿ

ಸ್ಟ್ರೌಜರ್ ಹುಟ್ಟಿದ್ದು 1839ರ ಫೆಬ್ರವರಿ 11ರಂದು, ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಹತ್ತಿರದ ಪೆನ್‌ಫೀಲ್ಡ್ ಎಂಬ ಊರಲ್ಲಿ. ಬಾಲ್ಯದ ಬಗ್ಗೆ ಉಳಿದಿರೋದು ಒಂದೇ ಚಿಕ್ಕ ಕಥೆ. ತಾಯಿ ಏನಾದರೂ ಕೆಲಸ ಹೇಳಿದರೆ, ಅವನೂ ಅಣ್ಣತಮ್ಮಂದಿರೂ ಸೇರಿ ಆ ಕೆಲಸವನ್ನು ಮಾಡುವ ಯಂತ್ರ ಹೇಗೆ ಕಟ್ಟೋದು ಅಂತ ಯೋಚಿಸ್ತಾ ಕೂರ್ತಿದ್ದರಂತೆ. ಇಂಜಿನಿಯರ್ ಆದವರಿಗೆಲ್ಲ ಈ ರೋಗ ಪರಿಚಿತ.

ಅಮೆರಿಕದ ಅಂತರ್ಯುದ್ಧ ಶುರುವಾದಾಗ ಅವನಿಗೆ 22 ವರ್ಷ. ಗುಲಾಮಗಿರಿಯ ಪರ ನಿಂತ ದಕ್ಷಿಣದ ವಿರುದ್ಧ, ಒಕ್ಕೂಟದ ಪರವಾಗಿ ನ್ಯೂಯಾರ್ಕಿನ 8ನೇ ಅಶ್ವದಳದಲ್ಲಿ ಹೋರಾಡಿದ. ಯುದ್ಧ ಮುಗಿದ ಮೇಲೆ ಹಳ್ಳಿ ಶಾಲೆಯಲ್ಲಿ ಮೇಷ್ಟ್ರಾದ. ಆಮೇಲೆ ಶವಸಂಸ್ಕಾರದ ವ್ಯಾಪಾರಕ್ಕೆ ಇಳಿದ. ಶವಪೆಟ್ಟಿಗೆ ಒದಗಿಸೋದು, ಹೆಣವನ್ನು ಸಿದ್ಧ ಮಾಡೋದು, ಮೆರವಣಿಗೆ ಗಾಡಿ ಹೊಂದಿಸೋದು ಇದೆಲ್ಲ ಆ ದೇಶದಲ್ಲಿ ಒಂದು ಅಂಗಡಿ ನಡೆಸುವ ಕೆಲಸ. ಕಾನ್ಸಾಸ್‌ನ ಎಲ್ ಡೊರಾಡೊ, ಟೊಪೀಕಾ, ಆಮೇಲೆ ಕಾನ್ಸಾಸ್ ಸಿಟಿ, ಹೀಗೆ ಊರಿಂದ ಊರಿಗೆ ಅವನ ಅಂಗಡಿ ಸಾಗಿತು.

ಈ ವ್ಯಾಪಾರದಲ್ಲಿ ಫೋನ್ ಎಷ್ಟು ಮುಖ್ಯ ಅಂತ ಸ್ವಲ್ಪ ಯೋಚಿಸಿ. ಮನೆಯಲ್ಲಿ ಸಾವಾದವರು ನಾಲ್ಕು ಅಂಗಡಿ ಸುತ್ತಿ ದರ ಕೇಳೋದಿಲ್ಲ. ಮೊದಲು ಯಾರಿಗೆ ಫೋನ್ ಸಿಗುತ್ತೋ ಅವರಿಗೇ ಕೆಲಸ. ಕರೆ ತಪ್ಪಿದರೆ ಗಿರಾಕಿ ತಪ್ಪಿದ ಹಾಗೆ, ಮತ್ತೆ ಬರೋದಿಲ್ಲ.

ಮಧ್ಯದಲ್ಲಿ ಕೂತ ಹೆಣ್ಣುಮಗಳು

ಗ್ರಹಾಂ ಬೆಲ್ ಫೋನಿಗೆ ಪೇಟೆಂಟ್ ಪಡೆದದ್ದು 1876ರಲ್ಲಿ. ಎರಡೇ ವರ್ಷಕ್ಕೆ, 1878ರ ಜನವರಿಯಲ್ಲಿ, ನ್ಯೂ ಹೇವನ್ ಊರಲ್ಲಿ ಮೊದಲ ವಾಣಿಜ್ಯ ಎಕ್ಸ್‌ಚೇಂಜ್ ಶುರುವಾಯಿತು. ಎಲ್ಲ ಮನೆಗಳ ತಂತಿ ಒಂದು ಕೋಣೆಗೆ ಬರುತ್ತೆ. ಅಲ್ಲಿ ಒಂದು ದೊಡ್ಡ ಹಲಗೆ, ಹಲಗೆ ತುಂಬ ತೂತು. ನೀವು ಫೋನ್ ಎತ್ತಿ ಯಾರು ಬೇಕು ಅಂತ ಹೇಳಬೇಕು. ಹಲಗೆ ಮುಂದೆ ಕೂತವರು ನಿಮ್ಮ ತಂತಿಯನ್ನು ಅವರ ತೂತಿಗೆ ಚುಚ್ಚಬೇಕು.

ಮೊದಲು ಈ ಕೆಲಸಕ್ಕೆ ಹುಡುಗರನ್ನು ಇಟ್ಟರು. ಟೆಲಿಗ್ರಾಫ್ ಕಚೇರಿಯಿಂದ ಬಂದ ಆ ಪೋರರು ಗಿರಾಕಿಗಳಿಗೆ ಬೈಯೋದು, ಕೀಟಲೆ ಮಾಡೋದು ಜಾಸ್ತಿಯಾಯಿತು. 1878ರ ಸೆಪ್ಟೆಂಬರ್ 1ರಂದು ಬಾಸ್ಟನ್‌ನಲ್ಲಿ ಎಮ್ಮಾ ನಟ್ ಎಂಬಾಕೆ ಕೆಲಸಕ್ಕೆ ಸೇರಿದರು. ಜಗತ್ತಿನ ಮೊದಲ ಮಹಿಳಾ ಟೆಲಿಫೋನ್ ಆಪರೇಟರ್ ಅಂತ ಅವರನ್ನೇ ಗುರುತಿಸುತ್ತಾರೆ. ಕೆಲವೇ ವರ್ಷಗಳಲ್ಲಿ ಆ ಕೆಲಸ ಹೆಚ್ಚುಕಮ್ಮಿ ಹೆಂಗಸರದ್ದೇ ಆಯಿತು. ತಾಳ್ಮೆ, ಒಳ್ಳೆಯ ದನಿ, ಜೊತೆಗೆ ಕಡಿಮೆ ಸಂಬಳ. ಕಂಪನಿಗಳ ಲೆಕ್ಕಾಚಾರ ಆಗಲೂ ಈಗಿನ ಥರವೇ ಇತ್ತು.

ಆದರೆ ಯಾರ ಕರೆ ಯಾರಿಗೆ ಹೋಗಬೇಕು ಅನ್ನೋದು ಈಗ ಒಬ್ಬ ಮನುಷ್ಯಳ ಕೈಯಲ್ಲಿತ್ತು. ಆಕೆ ನಿಮ್ಮ ಮಾತು ಕೇಳಿಸಿಕೊಳ್ಳಬಹುದು, ಕರೆಯನ್ನು ಬೇರೆಡೆ ತಿರುಗಿಸಬಹುದು, ಲೈನ್ ಖಾಲಿ ಇಲ್ಲ ಅಂತ ಸುಳ್ಳೂ ಹೇಳಬಹುದು. ಈ ಭಯ ಪೂರ್ತಿ ಸುಳ್ಳೇನಲ್ಲ. ಮಧ್ಯದಲ್ಲಿ ಕೂತವರಿಗೆ ಅಧಿಕಾರ ಇದ್ದೇ ಇರುತ್ತೆ.

ಸ್ಟ್ರೌಜರ್‌ಗೆ ತನ್ನ ವ್ಯಾಪಾರ ಇಳೀತಿದೆ ಅನ್ನಿಸ್ತು. ಪ್ರಚಲಿತವಾಗಿರುವ ಕಥೆ ಹೀಗಿದೆ: ಪ್ರತಿಸ್ಪರ್ಧಿ ಅಂಗಡಿಯವನ ಹೆಂಡತಿಯೇ ಊರಿನ ಆಪರೇಟರ್ ಆಗಿದ್ದಳು, ತನಗೆ ಬರಬೇಕಾದ ಕರೆಗಳನ್ನು ಗಂಡನ ಅಂಗಡಿಗೆ ತಿರುಗಿಸ್ತಿದ್ದಳು ಅಂತ ಅವನು ನಂಬಿದ. ಗೆಳೆಯನೊಬ್ಬನ ಶವಸಂಸ್ಕಾರವೇ ಬೇರೆಯವರಿಗೆ ಹೋದ ಸುದ್ದಿ ಓದಿ ಕೆರಳಿದ ಅಂತಲೂ ಹೇಳ್ತಾರೆ. ಹೇಳುವವರ ಬಾಯಲ್ಲಿ ವಿವರ ಬದಲಾಗುತ್ತೆ. ಆದರೆ ಅಪರಾಧಿ ಮಾತ್ರ ಬದಲಾಗೋದಿಲ್ಲ: ಹಲಗೆಯ ಮುಂದೆ ಕೂತ ಹೆಂಗಸು.

ಇನ್ನೊಂದು ಕಥನವೂ ಇದೆ. ಇದನ್ನು ಅಷ್ಟಾಗಿ ಯಾರೂ ಹೇಳೋದಿಲ್ಲ. ಸ್ಟ್ರೌಜರ್ ಫೋನ್ ಕಂಪನಿಗೆ ದೂರಿನ ಮೇಲೆ ದೂರು ಕೊಡ್ತಿದ್ದ. ಕೊನೆಗೆ ಕಂಪನಿಯ ಕಡೆಯವರು ಬಂದು ಪರೀಕ್ಷೆ ಮಾಡಿದರು. ಅಂಗಡಿಯ ಹೊರಗೆ ನೇತುಹಾಕಿದ್ದ ಲೋಹದ ಬೋರ್ಡು ಗಾಳಿಗೆ ತೂಗಾಡಿದಾಗಲೆಲ್ಲ ಅವನದೇ ಫೋನಿನ ತಂತಿಗೆ ತಾಗಿ ಶಾರ್ಟ್ ಆಗ್ತಿತ್ತು. ಲೈನ್ ಸತ್ತು ಹೋಗ್ತಿತ್ತು, ಕರೆ ಬರ್ತಿರಲಿಲ್ಲ. ಅಂದರೆ ಕಳ್ಳತನವೂ ಇಲ್ಲ, ಪಿತೂರಿಯೂ ಇಲ್ಲ. ತಂತಿ ಎಳೆಯಬಾರದ ಕಡೆ ಎಳೆದಿದ್ದರು, ಇಲ್ಲವೇ ಬೋರ್ಡನ್ನು ತೂಗುಹಾಕಬಾರದ ಕಡೆ ತೂಗುಹಾಕಿದ್ದರು. ಬರೀ ಕೂರಿಸುವಿಕೆಯ ದೋಷ.

ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳು ಅಂತ ನಮ್ಮಲ್ಲಿ ಗಾದೆ. ಈ ಕಥನ ನಿಜವಾದರೆ ಇಲ್ಲಿ ಉಲ್ಟಾ ಆಗಿದೆ. ನೆಲ ನಿಜಕ್ಕೂ ಡೊಂಕಿತ್ತು, ಬೈಸಿಕೊಂಡವಳು ಮಾತ್ರ ಕುಣಿಯುವವಳು.

ಕಾಲರ್ ಡಬ್ಬಿ, ಗುಂಡುಸೂಜಿ

ಕಾರಣ ಯಾವುದೇ ಇರಲಿ, ಸ್ಟ್ರೌಜರ್ ಕೂತು ಯೋಚಿಸಿದ್ದು ಮಾತ್ರ ಅದ್ಭುತ. ಆಪರೇಟರ್ ಕೈಯ ಕೆಲಸ ನಿಜವಾಗಿ ಏನು? ಹಲಗೆಯ ಮೇಲೆ ಒಂದು ಜಾಗ ಹುಡುಕೋದು. ಜಾಗಕ್ಕೆ ಸಂಖ್ಯೆ ಕೊಟ್ಟರೆ, ಆ ಸಂಖ್ಯೆಯಷ್ಟು ಸಲ ವಿದ್ಯುತ್ ತಟ್ಟಿದರೆ, ಒಂದು ಯಂತ್ರದ ಕೈ ಅಷ್ಟೇ ಹೆಜ್ಜೆ ಇಟ್ಟು ಆ ಜಾಗಕ್ಕೆ ಹೋಗಿ ನಿಲ್ಲಬಹುದಲ್ವಾ?

ಮೊದಲ ಮಾದರಿಯನ್ನು ಅವನು ಅಂಗಿಯ ಕಾಲರ್ ಇಡುವ ದುಂಡನೆಯ ಡಬ್ಬಿಗೆ ಸಾಲಾಗಿ ಗುಂಡುಸೂಜಿ ಚುಚ್ಚಿ ಮಾಡಿದ ಅಂತ ಹೇಳ್ತಾರೆ. ಒಂದೊಂದು ಸೂಜಿ ಒಂದೊಂದು ಮನೆಯ ಫೋನು. ನಡುವೆ ಒಂದು ಕಡ್ಡಿ. ಕಡ್ಡಿ ಮೇಲೇರಿ ಸಾಲು ಹಿಡಿಯುತ್ತೆ, ಸುತ್ತ ತಿರುಗಿ ಸೂಜಿ ಹಿಡಿಯುತ್ತೆ. 1889ರ ಮಾರ್ಚ್ 12ರಂದು ಪೇಟೆಂಟ್‌ಗೆ ಅರ್ಜಿ ಹಾಕಿದ. 1891ರ ಮಾರ್ಚ್ 10ರಂದು ಪೇಟೆಂಟ್ ಸಿಕ್ಕಿತು, ಸಂಖ್ಯೆ 447,918.

ಆಮೇಲೆ ಬೆಳೆದ ಸ್ಟ್ರೌಜರ್ ಸೆಲೆಕ್ಟರ್ ಕೂಡ ಇದೇ ಆಟ. ಹತ್ತು ಮಹಡಿ, ಪ್ರತಿ ಮಹಡಿಯಲ್ಲಿ ಹತ್ತು ಮನೆ. ಕೊನೆಯ ಎರಡು ಅಂಕಿ 47 ಅಂತ ಇಟ್ಟುಕೊಳ್ಳಿ. ನೀವು 4 ತಿರುಗಿಸಿದರೆ ನಾಲ್ಕು ಸಲ ವಿದ್ಯುತ್ ಕಡಿದು ಸೇರುತ್ತೆ, ಕಡ್ಡಿ ನಾಲ್ಕು ಮೆಟ್ಟಿಲು ಹತ್ತುತ್ತೆ. 7 ತಿರುಗಿಸಿದರೆ ಏಳು ಹೆಜ್ಜೆ ಪಕ್ಕಕ್ಕೆ ಸರಿಯುತ್ತೆ. ಮನೆ ಸಿಕ್ಕಿತು. ಯಾರನ್ನೂ ಕೇಳಬೇಕಿಲ್ಲ, ಯಾರಿಗೂ ಹೆಸರು ಹೇಳಬೇಕಿಲ್ಲ.

ಯೋಚನೆ ಇದ್ದರೆ ಸಾಲದು, ದುಡ್ಡು ಬೇಕು, ಕೈಕೆಲಸ ಗೊತ್ತಿರುವವರು ಬೇಕು. ಸೋದರಳಿಯ ವಾಲ್ಟರ್ ಸ್ಟ್ರೌಜರ್, ವ್ಯಾಪಾರಿ ಜೋಸೆಫ್ ಹ್ಯಾರಿಸ್ ಮುಂತಾದವರು ಜೊತೆಯಾದರು. 1891ರ ಅಕ್ಟೋಬರ್‌ನಲ್ಲಿ ಕಂಪನಿ ಶುರುವಾಯಿತು. 1892ರ ನವೆಂಬರ್ 3ರಂದು ಇಂಡಿಯಾನಾ ರಾಜ್ಯದ ಲಾ ಪೋರ್ಟ್ ಎಂಬ ಸಣ್ಣ ಊರಲ್ಲಿ ಮೊದಲ ಸ್ವಯಂಚಾಲಿತ ಎಕ್ಸ್‌ಚೇಂಜ್ ಸಾರ್ವಜನಿಕರಿಗೆ ತೆರೆಯಿತು. ಚಂದಾದಾರರು ಸುಮಾರು 75 ಜನ, ಸಾಮರ್ಥ್ಯ 99. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಅದಕ್ಕಿಂತ ಹೆಚ್ಚು ಜನ ಇದ್ದಾರೆ.

ಆಗ ಡಯಲ್ ಇರಲಿಲ್ಲ. ಚಂದಾದಾರ ಗುಂಡಿಯನ್ನು ಎಣಿಸಿ ಎಣಿಸಿ ಒತ್ತಬೇಕಿತ್ತು. ಲೆಕ್ಕ ತಪ್ಪಿದರೆ ಬೇರೆ ಮನೆ. ಪ್ರತಿ ಮನೆಯಿಂದ ಎಕ್ಸ್‌ಚೇಂಜಿಗೆ ಒಂದು ಜೋಡಿ ಅಲ್ಲ, ಹಲವು ತಂತಿ ಎಳೆಯಬೇಕಿತ್ತು. ತಂತಿ ಹೆಚ್ಚಾದಷ್ಟೂ ಕೂರಿಸುವವನ ಪಾಡು ಹೆಚ್ಚು. ಇದನ್ನು ಸರಿಪಡಿಸಿದವರು ಕಂಪನಿಯಲ್ಲಿದ್ದ ಅಲೆಕ್ಸಾಂಡರ್ ಕೀತ್ ಮತ್ತು ಎರಿಕ್ಸನ್ ಸಹೋದರರು. 1896ರ ಹೊತ್ತಿಗೆ ಅವರು ಬೆರಳಿಟ್ಟು ತಿರುಗಿಸುವ ಡಯಲ್ ಕಂಡುಹಿಡಿದರು.

ಸ್ಟ್ರೌಜರ್ ಹೆಸರಲ್ಲಿ ಓಡಿದ ಯಂತ್ರವನ್ನು ನಿಜವಾಗಿ ಓಡುವಂತೆ ಮಾಡಿದವರು ಇವರು. ಶೋಧಕನ ಹೆಸರು ಫಲಕದ ಮೇಲೆ ಬರುತ್ತೆ, ಅದನ್ನು ಕೆಲಸ ಮಾಡುವ ಹಾಗೆ ಕೂರಿಸಿದವರ ಹೆಸರು ಸಣ್ಣ ಅಕ್ಷರಕ್ಕೆ ಇಳಿಯುತ್ತೆ.

ಮಾರಿ ಹೋದ ಮನುಷ್ಯ

ಸ್ಟ್ರೌಜರ್ ಸ್ವತಃ ಬಹಳ ದಿನ ಉಳಿಯಲಿಲ್ಲ. 1896ರಲ್ಲಿ ತನ್ನ ಪೇಟೆಂಟ್‌ಗಳನ್ನು 1,800 ಡಾಲರಿಗೆ ಕೊಟ್ಟುಬಿಟ್ಟ. 1898ರಲ್ಲಿ ಕಂಪನಿಯ ಪಾಲನ್ನು 10,000 ಡಾಲರಿಗೆ ಮಾರಿದ. ಅವನು ಸತ್ತು ಹದಿನಾಲ್ಕು ವರ್ಷಕ್ಕೆ, 1916ರಲ್ಲಿ, ಆ ಪೇಟೆಂಟ್‌ಗಳ ಹಕ್ಕು ಬೆಲ್ ಕಂಪನಿಗೆ ಹೋದದ್ದು 25 ಲಕ್ಷ ಡಾಲರಿಗೆ ಅಂತ ದಾಖಲಾಗಿದೆ. ಬೆಲ್ ವ್ಯವಸ್ಥೆಯೇ ಕೊನೆಗೆ ಅವನ ಯಂತ್ರಕ್ಕೆ ದುಡ್ಡು ತೆತ್ತಿತು. ಆ ದುಡ್ಡು ನೋಡೋಕೆ ಅವನಿರಲಿಲ್ಲ.

ಆರೋಗ್ಯ ಸರಿಯಿಲ್ಲದೆ ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋಗಿ ನೆಲೆಸಿದ. 1902ರ ಮೇ 26ರಂದು, 63ನೇ ವಯಸ್ಸಿನಲ್ಲಿ ಅಲ್ಲೇ ತೀರಿಕೊಂಡ. ಗ್ರೀನ್‌ವುಡ್ ಸ್ಮಶಾನದಲ್ಲಿರುವ ಅವನ ಬಿಳಿ ಸಮಾಧಿ ಕಲ್ಲು ಯುದ್ಧದಲ್ಲಿದ್ದ ಸೈನಿಕರಿಗೆ ಇಡುವಂಥದ್ದು. ಕಲ್ಲಿನ ಮೇಲಿರುವುದು ಅಶ್ವದಳದ ಲೆಫ್ಟಿನೆಂಟ್ ಸ್ಟ್ರೌಜರ್.

ದೂರವಾಣಿನಗರದ ಹೆಣ್ಣುಮಕ್ಕಳು

ಅವನ ಯಂತ್ರ ಮಾತ್ರ ಜಗತ್ತು ಸುತ್ತಿತು. 1912ರಲ್ಲಿ ಇಂಗ್ಲೆಂಡಿನ ಎಪ್ಸಮ್ ಊರಿಗೆ ಬಂತು. ನಮ್ಮ ದೇಶದ ಮೊದಲ ಸ್ವಯಂಚಾಲಿತ ಎಕ್ಸ್‌ಚೇಂಜ್ ಬಂದಿದ್ದು 1913-14ರಲ್ಲಿ, ಬ್ರಿಟಿಷರ ಬೇಸಿಗೆ ರಾಜಧಾನಿ ಶಿಮ್ಲಾದಲ್ಲಿ. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಬೆಂಗಳೂರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಹುಟ್ಟಿತು. ನಾವೆಲ್ಲ ಐಟಿಐ ಅನ್ನೋದು ಅದನ್ನೇ. ಕೆ.ಆರ್. ಪುರದ ಪಕ್ಕದ ದೂರವಾಣಿನಗರಕ್ಕೆ ಆ ಹೆಸರು ಬಂದಿದ್ದೂ ಅದರಿಂದಲೇ. ಲಿವರ್‌ಪೂಲ್‌ನ ಆಟೊಮ್ಯಾಟಿಕ್ ಟೆಲಿಫೋನ್ ಅಂಡ್ ಎಲೆಕ್ಟ್ರಿಕ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು ಐಟಿಐ ತಯಾರಿಸಿದ್ದು ಸ್ಟ್ರೌಜರ್ ಎಕ್ಸ್‌ಚೇಂಜನ್ನು. ದಶಕಗಳ ಕಾಲ ಭಾರತದ ಊರೂರಲ್ಲಿ ಟಕಟಕ ಅಂತ ಮಾತಾಡಿದ್ದು ಆ ಹೆಣದ ವ್ಯಾಪಾರಿಯ ಕಡ್ಡಿಗಳೇ.

ಇಲ್ಲೊಂದು ವ್ಯಂಗ್ಯ ಇದೆ. ಹುಡುಗಿಯರ ಕಾಟ ಇಲ್ಲದ ಫೋನ್ ಇದು ಅಂತ ಹೇಳಿಕೊಂಡು ಅಮೆರಿಕದಲ್ಲಿ ಈ ವ್ಯವಸ್ಥೆಯನ್ನು ಮಾರಿದ್ದರು. ಬೆಂಗಳೂರಲ್ಲಿ ಆ ಉಪಕರಣವನ್ನು ಜೋಡಿಸಿದವರಲ್ಲಿ ದೊಡ್ಡ ಸಂಖ್ಯೆಯಲ್ಲಿ ಇದ್ದದ್ದು ಹೆಣ್ಣುಮಕ್ಕಳೇ. ಹೆಂಗಸಿನ ಕೈಯನ್ನು ತೆಗೆದುಹಾಕಲು ಹುಟ್ಟಿದ ಯಂತ್ರಕ್ಕೆ ಹೆಂಗಸಿನ ಕೈಯೇ ಬೇಕಾಯಿತು. ಮುಂಚೆ ಕಣ್ಣಿಗೆ ಕಾಣುವ ಹಲಗೆಯ ಮುಂದೆ ಇದ್ದಳು, ಈಗ ಕಾಣದ ಕಾರ್ಖಾನೆಯೊಳಗೆ. ನಮ್ಮ ಬೀದಿಯಲ್ಲಿ ಐಟಿಐಯಿಂದ ನಿವೃತ್ತರಾದ ಅಜ್ಜಿಯೊಬ್ಬರಿದ್ದಾರೆ. ಕೂದಲೆಳೆಯಷ್ಟು ಅಂತರ ತಪ್ಪಿದರೆ ರಿಲೇ ಸುಳ್ಳು ಹೇಳುತ್ತೆ ಅಂತ ಇವತ್ತಿಗೂ ಬೆರಳಲ್ಲಿ ತೋರಿಸ್ತಾರೆ.

1986ರಲ್ಲಿ ಇನ್ನೊಂದು ತಿರುವು ನಮ್ಮಲ್ಲೇ ಆಯಿತು. ಸಿ-ಡಾಟ್ ಸಂಸ್ಥೆ ವಿನ್ಯಾಸ ಮಾಡಿದ 128 ಲೈನಿನ ಗ್ರಾಮೀಣ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಮೊದಲು ಶುರುವಾಗಿದ್ದು ಕಿತ್ತೂರಿನಲ್ಲಿ. ಎಸಿ ಇಲ್ಲದೆ, ನಮ್ಮ ಧೂಳು ಸೆಖೆಯಲ್ಲೇ ಓಡಲಿ ಅಂತ ಕಟ್ಟಿದ್ದ ಪೆಟ್ಟಿಗೆ. ಕಡ್ಡಿಗಳು ಹೋದವು, ಕಾರ್ಡುಗಳು ಬಂದವು. ಒಂದು ಕೆಟ್ಟರೆ ಎಳೆದು ಇನ್ನೊಂದು ತೂರಿಸೋದು. ಇವತ್ತಿನ ಮಾಡ್ಯುಲರ್ ಸ್ವಿಚ್ ಅಂದರೆ ಇದೇ: ಖಾಲಿ ಚೌಕಟ್ಟು, ಅದರೊಳಗೆ ಬೇಕಾದ ಹಾಗೆ ಕೂರಿಸುವ ಕಾರ್ಡು, ಫ್ಯಾನು, ಪವರ್ ಸಪ್ಲೈ.

ಕೂರಿಸೋದು ಅಂದರೆ ಇಷ್ಟೇನಾ?

ಹೊರಗಿನವರಿಗೆ ಇದು ಬಹಳ ಸುಲಭ ಅನ್ನಿಸುತ್ತೆ. ಪುಸ್ತಕದ ಕಪಾಟಿಗೆ ಪುಸ್ತಕ ಇಟ್ಟ ಹಾಗೆ. ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮ ಸೂಪರ್‌ವೈಸರ್ ಕಲಿಸಿದ್ದರಲ್ಲಿ ನೆನಪಿರೋದನ್ನು ಹೇಳ್ತೀನಿ.

ಮೊದಲು ರ್ಯಾಕ್ ನೆಲಕ್ಕೆ ಬೋಲ್ಟ್ ಆಗಿರಬೇಕು, ಭಾರದ ಪೆಟ್ಟಿಗೆ ಕೆಳಗೆ ಹೋಗಬೇಕು. ಮೇಲೆ ಭಾರ ಇಟ್ಟು ಕೆಳಗೆ ಖಾಲಿ ಬಿಟ್ಟರೆ ರ್ಯಾಕ್ ಮನುಷ್ಯನ ಮೇಲೇ ಬೀಳುತ್ತೆ. ಚೌಕಟ್ಟನ್ನು ಎತ್ತುವ ಮುಂಚೆ ಪವರ್ ಸಪ್ಲೈ, ಫ್ಯಾನ್, ಕಾರ್ಡ್ ಎಲ್ಲ ತೆಗೆದು ಹಗುರ ಮಾಡಬೇಕು. ಇಬ್ಬರು ಎತ್ತಬೇಕು. ಕಾರ್ಡಿನ ಹಿಡಿ ಇರೋದು ಕಾರ್ಡ್ ಎಳೆಯೋಕೆ, ಇಡೀ ಪೆಟ್ಟಿಗೆ ಎತ್ತೋಕಲ್ಲ.

ಎಲ್ಲಕ್ಕಿಂತ ಮೊದಲು ಜೋಡಿಸಬೇಕಾದ ತಂತಿ ಅರ್ಥಿಂಗ್, ಕೊನೆಗೆ ಬಿಚ್ಚಬೇಕಾದದ್ದೂ ಅದೇ. ಟೆಲಿಕಾಂನಲ್ಲಿ ಬ್ಯಾಟರಿಯ ಪ್ಲಸ್ ಭೂಮಿಗೆ ಸೇರಿರುತ್ತೆ, ಲೈನಿಗೆ ಬರೋದು ಮೈನಸ್ 48 ವೋಲ್ಟ್. ಒದ್ದೆ ನೆಲದಲ್ಲಿ ತಾಮ್ರದ ತಂತಿ ಕೊರೆದು ಹೋಗಬಾರದು ಅಂತ ಹಳಬರು ಕಂಡುಕೊಂಡ ದಾರಿ ಅದು. ಪವರ್ ಎರಡು ದಾರಿಯಲ್ಲಿ ಬರುತ್ತೆ. ಒಂದು ಬ್ರೇಕರ್ ಇಳಿಸಿದರೆ ಪೆಟ್ಟಿಗೆ ಸತ್ತಿದೆ ಅಂತ ನಂಬಬಾರದು, ಎರಡನ್ನೂ ಇಳಿಸಿ ಮೀಟರ್ ಇಟ್ಟು ನೋಡಬೇಕು. ಆ 48 ವೋಲ್ಟ್ ಒಣ ಚರ್ಮವನ್ನು ಸುಲಭಕ್ಕೆ ದಾಟದೇ ಇರಬಹುದು. ಆದರೆ ಬ್ಯಾಟರಿ ಸಾಲಿನ ಎರಡು ತುದಿಗೆ ಲೋಹ ತಾಗಿದರೆ ಸಾವಿರಾರು ಆಂಪಿಯರ್ ಒಂದೇ ಕ್ಷಣಕ್ಕೆ ಹರಿಯಬಹುದು. ಬೆರಳಿನ ಉಂಗುರ ಆಗ ಕಾದ ಕಬ್ಬಿಣ. ಬಾಗಿಲಲ್ಲಿ ಉಂಗುರ ಬಿಚ್ಚಿಸಿದ್ದು ಇದಕ್ಕೇ.

ಕಾರ್ಡ್ ಮುಟ್ಟುವ ಮುಂಚೆ ಮಣಿಕಟ್ಟಿಗೆ ಪಟ್ಟಿ ಕಟ್ಟಿ ಅದರ ತಂತಿಯನ್ನು ಚೌಕಟ್ಟಿಗೆ ಸಿಕ್ಕಿಸಬೇಕು. ನಮ್ಮ ಮೈಯಲ್ಲಿ ಕೂಡುವ ಸ್ಥಿರ ವಿದ್ಯುತ್ತು ನಮಗೆ ಚುರುಕ್ ಅನ್ನಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಚಿಪ್ ಸಾಯೋಕೆ ಅದರ ಸಣ್ಣ ಪಾಲು ಸಾಕು. ಅಂದರೆ ಕೊಂದವನಿಗೆ ಕೊಂದಿದ್ದೇ ಗೊತ್ತಾಗೋದಿಲ್ಲ. ಕಾರ್ಡನ್ನು ಅಂಚಲ್ಲಿ ಹಿಡಿದು ಹಳಿಯ ಮೇಲೆ ಮೆಲ್ಲಗೆ ಜಾರಿಸಬೇಕು. ಬಿಗಿ ಅನ್ನಿಸಿದರೆ ತಳ್ಳಬಾರದು, ಹೊರಗೆಳೆದು ನೋಡಬೇಕು. ಒಳಗೆ ಒಂದು ಪಿನ್ ಬಾಗಿದರೆ ಆ ಸ್ಲಾಟ್ ಹೋಯಿತು, ಒಮ್ಮೊಮ್ಮೆ ಇಡೀ ಚೌಕಟ್ಟೇ ಬದಲಿಸಬೇಕಾಗುತ್ತೆ. ಖಾಲಿ ಸ್ಲಾಟಿಗೆ ಮುಚ್ಚಳ ಹಾಕಲೇಬೇಕು. ಇಲ್ಲದಿದ್ದರೆ ಫ್ಯಾನಿನ ಗಾಳಿ ಆ ತೂತಿನಿಂದ ಸೋರಿ ಪಕ್ಕದ ಕಾರ್ಡ್ ಕಾಯುತ್ತೆ, ಧೂಳು ಹೋಗುತ್ತೆ, ಬೆರಳೂ ಹೋಗುತ್ತೆ. ಫೈಬರಿನ ತುದಿಗೆ ಕಣ್ಣಿಡಬಾರದು. ಅದರಲ್ಲಿ ಹರಿಯುವ ಬೆಳಕು ಕಣ್ಣಿಗೆ ಕಾಣೋದಿಲ್ಲ, ಕಣ್ಣನ್ನು ಸುಡಬಲ್ಲದು.

ಇದರಲ್ಲಿ ಒಂದಾದರೂ ರಾಕೆಟ್ ವಿಜ್ಞಾನ ಇದೆಯಾ? ಇಲ್ಲ. ಎಲ್ಲವೂ ಸಮಯ ತಿನ್ನುವ, ದುಡ್ಡು ಕೇಳುವ ಸಣ್ಣ ಶಿಸ್ತು. ಬೆಳಗ್ಗೆ ಆರಕ್ಕೆ ಲೈನ್ ಚಾಲೂ ಆಗಬೇಕು ಅಂತ ಫೋನ್ ಮೇಲೆ ಫೋನ್ ಬರುವಾಗ ಮೊದಲು ಬಿಟ್ಟುಹೋಗೋದೂ ಇದೇ.

ಯಾರೂ ಇಲ್ಲದ ಕೋಣೆ

ಸ್ಟ್ರೌಜರ್ ಕಂಪನಿ ಬೆಳೆದ ಶಿಕಾಗೋ ನಗರದ ಪಕ್ಕದಲ್ಲಿ ಹಿನ್ಸ್‌ಡೇಲ್ ಅಂತ ಒಂದು ಊರಿದೆ. 1988ರ ಮೇ 8, ಭಾನುವಾರ. ಆ ದಿನ ಅಮೆರಿಕದಲ್ಲಿ ತಾಯಂದಿರ ದಿನ, ಎಲ್ಲರೂ ಅಮ್ಮಂದಿರಿಗೆ ಫೋನ್ ಮಾಡುವ ದಿನ. ಅಲ್ಲಿನ ಟೆಲಿಫೋನ್ ಎಕ್ಸ್‌ಚೇಂಜಿನ ಕೇಬಲ್‌ಗಳಲ್ಲಿ ವಿದ್ಯುತ್ ದೋಷದಿಂದ ಬೆಂಕಿ ಹತ್ತಿತು. ರಜೆ, ಕಟ್ಟಡದಲ್ಲಿ ಒಬ್ಬರೂ ಇರಲಿಲ್ಲ. ಎಚ್ಚರಿಕೆ ಗಂಟೆ ಬಾರಿಸಿತು, ಆದರೆ ಬಾರಿಸಿದ್ದು ಬಹಳ ದೂರದ ಸ್ಪ್ರಿಂಗ್‌ಫೀಲ್ಡ್ ಊರಿನ ಕೇಂದ್ರದಲ್ಲಿ. ಸುಮಾರು 35,000 ಚಂದಾದಾರರ ಫೋನ್ ಸತ್ತವು. ಓಹೇರ್ ವಿಮಾನ ನಿಲ್ದಾಣದ ಕೆಲಸಕ್ಕೂ ಪೆಟ್ಟು ಬಿತ್ತು. ಸೇವೆ ಪೂರ್ತಿ ಮರಳೋಕೆ ವಾರಗಳೇ ಹಿಡಿದವು.

ಮನುಷ್ಯರನ್ನು ಕೋಣೆಯಿಂದ ಹೊರಹಾಕಿದರೆ ದೋಷವೂ ಹೊರಹೋಗುತ್ತೆ ಅನ್ನೋದು ಸ್ಟ್ರೌಜರ್‌ನ ಕನಸು. ಹಿನ್ಸ್‌ಡೇಲ್‌ನಲ್ಲಿ ಆ ಕನಸು ಪೂರ್ತಿ ನನಸಾಗಿತ್ತು, ಕೋಣೆಯಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೆ ಹೊಗೆಯ ವಾಸನೆ ಬರುತ್ತಿತ್ತು.

ಸ್ಟ್ರೌಜರ್‌ನನ್ನು ನಾನು ಸಣ್ಣವನು ಮಾಡ್ತಿಲ್ಲ. ಮಧ್ಯವರ್ತಿಯ ದಯೆ ಇಲ್ಲದೆ ಒಬ್ಬರು ಇನ್ನೊಬ್ಬರ ಜೊತೆ ಮಾತಾಡಬೇಕು ಅನ್ನುವ ಆಸೆ ದೊಡ್ಡ ಆಸೆ, ಪ್ರಜಾಪ್ರಭುತ್ವದ ಆಸೆ. ಆದರೆ ಅವನು ಮಧ್ಯದ ಮನುಷ್ಯನನ್ನು ತೆಗೆದುಹಾಕಲಿಲ್ಲ, ಜಾಗ ಬದಲಿಸಿದ. ನಂಬಿಕೆ ಹಲಗೆ ಮುಂದಿನ ಹೆಂಗಸಿನಿಂದ ರ್ಯಾಕ್ ಹಿಂದಿನ ಹುಡುಗನಿಗೆ ಹೋಯಿತು. ಅವಳ ದನಿಯಾದರೂ ಕೇಳಿಸ್ತಿತ್ತು. ಇವನದು ಕೇಳಿಸೋದೇ ಇಲ್ಲ.

ನಾವು ಇವತ್ತು ಅಲ್ಗಾರಿದಂ ತಟಸ್ಥವೋ ಅಲ್ಲವೋ, ಎಐ ಯಾರ ಕೆಲಸ ತಿನ್ನುತ್ತೆ ಅಂತ ರಾತ್ರಿಯಿಡೀ ವಾದ ಮಾಡ್ತೀವಿ. ಮಾಡಬೇಕು ಕೂಡ. ಆ ವಾದವನ್ನು ಹೊತ್ತು ತರುವ ಸ್ವಿಚ್ಚನ್ನು ರಾತ್ರಿ ಎರಡಕ್ಕೆ ಎತ್ತುವವರು ಯಾರು, ಅವರಿಗೆ ಇಎಸ್‌ಐ ಇದೆಯಾ, ಕೈಗವಸು ಇದೆಯಾ ಅನ್ನೋದು ಆ ವಾದದೊಳಗೆ ಬಂದದ್ದನ್ನು ನಾನು ನೋಡಿಲ್ಲ.

ಈಗ ನನ್ನ ಸಹಿಯ ವಿಷಯ. ಆ ರಾತ್ರಿ ಬ್ಯಾಟರಿಯ ಟರ್ಮಿನಲ್‌ಗಳ ಮೇಲೆ ಇರಬೇಕಾದ ಪ್ಲಾಸ್ಟಿಕ್ ಮುಚ್ಚಳ ಇರಲಿಲ್ಲ. ಎರಡು ವಾರದ ಹಿಂದೆಯೇ ಯಾರೋ ತೆಗೆದಿದ್ದರು, ಮತ್ತೆ ಹಾಕಿರಲಿಲ್ಲ. ಹಿಡಿಗೆ ರಬ್ಬರ್ ಹೊದಿಕೆ ಇರುವ ಸ್ಪ್ಯಾನರ್ ಬೇಕು ಅಂತ ಸೂಪರ್‌ವೈಸರ್ ಕೇಳಿದ್ದರು, ಬಂದಿರಲಿಲ್ಲ. ಹುಡುಗ ಆ ದಿನ ಸತತ ಹದಿನಾರನೇ ಗಂಟೆಯ ಕೆಲಸದಲ್ಲಿದ್ದ. ಇದು ಮೂರೂ ನನಗೆ ಗೊತ್ತಿತ್ತು. ಗೊತ್ತಿದ್ದೂ ಕಾರ್ಮಿಕನ ಅಜಾಗರೂಕತೆ ಅಂತ ಬರೆದೆ, ಯಾಕಂದರೆ ಆ ಕಾಲಂನಲ್ಲಿ ಒಂದೇ ಸಾಲಿಗೆ ಜಾಗ ಇತ್ತು, ಒಬ್ಬ ಮನುಷ್ಯನ ಹೆಸರು ಆ ಸಾಲಿಗೆ ಸರಿಯಾಗಿ ಹೊಂದುತ್ತಿತ್ತು. ಅವನಿಗೆ ಚಿಕಿತ್ಸೆಯ ದುಡ್ಡು ಸಿಗಲಿಲ್ಲ, ಮತ್ತೆ ಕೆಲಸಕ್ಕೂ ಕರೆಯಲಿಲ್ಲ. ನಾನು ಇನ್ನೆರಡು ವರ್ಷ ಅಲ್ಲೇ ಇದ್ದೆ, ಆಮೇಲೆ ಪತ್ರಕರ್ತನಾದೆ.

ತೂಗಾಡಿದ್ದು ಬೋರ್ಡು, ಬೈಸಿಕೊಂಡಿದ್ದು ಆಪರೇಟರ್. ಸ್ಟ್ರೌಜರ್‌ಗೆ ಬೋರ್ಡಿನ ವಿಷಯ ಬಹುಶಃ ಮೊದಲು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ನಿಮ್ಮ ಏರಿಯಾದಲ್ಲಿ ನೆಟ್ ಹೋದಾಗ, ಕಂಬ ಹತ್ತಿದ ಹುಡುಗನಿಗೆ ಬೈಯುವ ಮುಂಚೆ ಅವನ ಕಾಲಿನ ಕಡೆ ಒಮ್ಮೆ ನೋಡಿ. ಶೂ ಇದೆಯಾ, ಚಪ್ಪಲಿಯಾ? ಚಪ್ಪಲಿ ಆಗಿದ್ದರೆ, ಅವನ ಮೇಲೆ ಕೊಡಬೇಕು ಅಂದುಕೊಂಡ ದೂರನ್ನು ಆ ಚಪ್ಪಲಿಯ ಮೇಲೆ ಕೊಡಿ. ಕಂಪನಿಗೂ ಕೊಡಿ, ಕಾರ್ಮಿಕ ಇಲಾಖೆಗೂ ಕೊಡಿ.